ಊರ ಹಾಡಿನ ಕೆಳದನಿ

ಕಳೆದ ನವೆಂಬರಿನಲ್ಲಿ ಮೂರು ವಾರಗಳ ಕಾಲ ನಮ್ಮ ಮನೆಯಲ್ಲಿ ಒಂದು ಹಾಡಿನ ಅರ್ಧ ಭಾಗ ಮಾತ್ರ ಕೇಳಿಸುತ್ತಿತ್ತು. ಅರ್ಧವೆಂದರೆ ಮೊದಲರ್ಧವೂ ಅಲ್ಲ, ಕೊನೆಯರ್ಧವೂ ಅಲ್ಲ, ಕೆಳಗಿನ ಅರ್ಧ. ಟೋಕಿಯೋದ ಪೂರ್ವದಂಚಿನ ನಿಶಿ-ಕಸಾಯಿಯಲ್ಲಿ ಐದನೆಯ ತರಗತಿ ಓದುತ್ತಿರುವ ನನ್ನ ಮಗಳನ್ನು ಶಾಲೆಯ ಸಂಗೀತೋತ್ಸವದ ಸಮೂಹಗಾನಕ್ಕೆಂದು ದನಿ ಪರೀಕ್ಷಿಸಿ ಆಲ್ಟೋ ಸಾಲಿನಲ್ಲಿ, ಅಂದರೆ ಎರಡು ದನಿಗಳ ಹಾಡಿನಲ್ಲಿ ಕೆಳಗೆ ಹರಿಯುವ ದನಿಯ ಸಾಲಿನಲ್ಲಿ, ನಿಲ್ಲಿಸಿದ್ದರು. ಹಾಡಿನ ನಿಜವಾದ ಮಟ್ಟು ಮೇಲುದನಿಯವರ ಸೊತ್ತು. ಕೆಳದನಿಯ ಮಕ್ಕಳು ಅದನ್ನು ಮನೆಯಲ್ಲಿಯೂ ಗುನುಗಕೂಡದು, ಗುನುಗಿದರೆ ವೇದಿಕೆಯ ಮೇಲೆ ಕಾಲು ಜಾರಿ ಮೇಲಿನವರೊಡನೆ ಸೇರಿಬಿಡುತ್ತಾರೆ ಎಂದು ಶಿಕ್ಷಕಿ ಎಚ್ಚರಿಸಿದ್ದರಂತೆ. ಮಿಕ್ಕ ವಿಷಯಗಳಲ್ಲಿ ಶಿಕ್ಷಕಿಯ ಮಾತನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳದ ನನ್ನ ಮಗಳು ಈ ಒಂದು ಅಪ್ಪಣೆಯನ್ನು ಮಾತ್ರ ಏಕಾದಶಿಯ ಉಪವಾಸದಂತೆ ಪಾಲಿಸಿದಳು.

ಜೊತೆಯಿಲ್ಲದ ಕೆಳದನಿಯನ್ನು ಒಂದೇ ಸಮನೆ ಕೇಳಿದವರಿಗೆ ಮಾತ್ರ ಅದರ ಹಿಂಸೆ ಗೊತ್ತು. ಅದು ಏರುವಂತೆ ಮಾಡಿ ಏರುವುದಿಲ್ಲ. ಎರಡು ಮೂರು ಸ್ವರಗಳ ಜಗಲಿಯ ಮೇಲೆ ಕುಳಿತುಕೊಂಡು, ಬರಬೇಕಾದ ಯಾರೋ ಬಾರದಿರುವುದರಿಂದ ಬೇಸರಗೊಂಡವರ ಹಾಗೆ ಅತ್ತಿತ್ತ ನೋಡುತ್ತಿರುತ್ತದೆ. ಕಸೂತಿ ಹಾಕಿದ ಸೀರೆಯ ಒಳಮೈಯನ್ನಷ್ಟೇ ತೋರಿಸಿ, ಗಂಟುಗಳನ್ನೂ ಜೋಲುವ ದಾರಗಳನ್ನೂ ಮೆಚ್ಚಿಕೊಳ್ಳಿರಿ ಎಂದು ಹೇಳಿದರೆ ಹೇಗಿರುತ್ತದೋ ಹಾಗೆ. ಭಾನುವಾರ ಕೊಪ್ಪದಿಂದ ಫೋನು ಮಾಡಿದ ಅಮ್ಮ, ನನ್ನ ಕುಶಲವನ್ನು ವಿಚಾರಿಸುವ ಮೊದಲೇ, “ಎಂತ ಅದು, ಮಗು ಯಾಕೆ ಹಂಗೆ ಮುಲುಗ್ತಿದೆ? ಜ್ವರ ಏನಾದ್ರೂ ಬಂದಿದ್ಯ ಮಾರಾಯ?” ಎಂದು ಕೇಳಿದಳು. ಅದು ಮುಲುಗಾಟವಲ್ಲ, ಹಾಡು, ಅದೂ ಊರನ್ನು ನೆನೆಯುವ ಹಾಡು ಎಂದು ನಾನು ವಿವರಿಸಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಊರು ಬಿಟ್ಟು ಹೋಗಿದ್ದು ಯಾಕಂತೆ?” ಎಂದಳು.

ಹಾಡಿನ ಹೆಸರು ‘ಫುರುಸಾತೊ’, ಅಂದರೆ ಹುಟ್ಟೂರು. ಹಾಡಿದವರು ‘ಅರಾಶಿ’, ಅಂದರೆ ಬಿರುಗಾಳಿ, ಎಂಬ ಹೆಸರಿನ ಐವರು ಗಂಡಸರು. 1999ರಲ್ಲಿ, ಹುಟ್ಟೂರಿನ ಹಂಗಿಲ್ಲದೆ, ಹೊನೊಲುಲುವಿನ ಕಡಲಿನಲ್ಲಿ ಒಂದು ಹಡಗಿನ ಮೇಲೆ ಇವರ ತಂಡವನ್ನು ಲೋಕಕ್ಕೆ ಪರಿಚಯಿಸಲಾಯಿತು. ಐವರೂ ಟೋಕಿಯೋದಲ್ಲಿಯೋ ಅದರ ಮಗ್ಗುಲಲ್ಲಿಯೋ ಬೆಳೆದವರು; ಊರಿಗೆ ಹೋಗುವುದೆಂದರೆ ಇವರಿಗೆ ಲೋಕಲ್ ರೈಲಿನಲ್ಲಿ ಒಂದು ಗಂಟೆಯ ಮಾತು. 2010ರ ಡಿಸೆಂಬರ್ 31ರ ರಾತ್ರಿ, ಇಡೀ ಜಪಾನು ಟೀವಿಯ ಮುಂದೆ ಕುಳಿತು ನೋಡುವ ‘ಕೋಹಕು’ ಎಂಬ ಕೆಂಪು-ಬಿಳಿ ಪಂಗಡಗಳ ಹಾಡಿನ ಕಾಳಗದಲ್ಲಿ ಬಿಳಿ ಪಂಗಡದ ನಿರೂಪಕರಾಗಿ ನಿಂತಿದ್ದ ಇವರು ಈ ಹಾಡನ್ನು ಮೊದಲು ಹಾಡಿದರು. ಮೂರು ವರ್ಷಗಳ ನಂತರ, 1932ರಿಂದ ನಡೆದು ಬಂದಿರುವ, ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಎನ್‌ಎಚ್‌ಕೆಯ ಶಾಲಾ ಸಂಗೀತ ಸ್ಪರ್ಧೆಯ 80ನೆಯ ವರ್ಷದಲ್ಲಿ, ಇದೇ ಹಾಡನ್ನು ಎರಡು ದನಿಗಳಿಗೆ ಹೊಂದಿಸಿ ಪ್ರಾಥಮಿಕ ಶಾಲೆಗಳು ಕಡ್ಡಾಯವಾಗಿ ಹಾಡಬೇಕಾದ ಹಾಡನ್ನಾಗಿ ಮಾಡಿದರು. ನಮ್ಮ ಮನೆಯ ಮೂರು ವಾರಗಳ ಶಾಂತಿ ಕದಡಿದ್ದರ ಮೂಲ ಅಲ್ಲಿದೆ.

ಸಾಹಿತ್ಯ ಬರೆದ ಕೊಯಾಮಾ ಕುಂದೊ ಸಾಮಾನ್ಯರಲ್ಲ. ಅವರು ಚಿತ್ರಕಥೆ ಬರೆದ ಒಂದು ಸಿನಿಮಾ 2009ರಲ್ಲಿ ಆಸ್ಕರ್ ಗೆದ್ದಿತು. ತಮ್ಮ ಸ್ವಂತ ಸೀಮೆಯಾದ ಕುಮಮೊತೊಗೆ ಅದರ ಪ್ರಚಾರದ ಲಾಂಛನವಾದ ಕೆಂಪು ಕೆನ್ನೆಯ ಕಪ್ಪು ಕರಡಿ ‘ಕುಮಮೊನ್’ ದೊರಕಿದ್ದರಲ್ಲಿಯೂ ಅವರ ಕೈಯಿದೆ. ಒಂದು ಪ್ರಾಂತಕ್ಕೆ ಕರಡಿಯನ್ನು ಕೊಟ್ಟವರಿಗೆ ಒಂದು ದೇಶಕ್ಕೆ ಹುಟ್ಟೂರನ್ನು ಕೊಡುವುದು ಕಷ್ಟವೇನೂ ಆಗಿರಲಿಕ್ಕಿಲ್ಲ. ಸಂಜೆಯ ಆಕಾಶದಲ್ಲಿ ಮೋಡವೊಂದು ರೈಲಿನಂತೆ ಕಾಣುತ್ತದೆ, ಹಳೆಯ ಪರಿಮಳವಿರುವ ಊರಿಗೆ ಮರಳಬೇಕೆನಿಸುತ್ತದೆ, ಅಲ್ಲಿ ಬೆಟ್ಟವಿದೆ, ಗಾಳಿಯಿದೆ, ಕಡಲಿನ ಬಣ್ಣವಿದೆ. ಯಾವ ಬೆಟ್ಟ, ಯಾವ ಕಡಲು ಎಂದು ಮಾತ್ರ ಕೇಳಬಾರದು. ಒಂದು ಹೊಳೆಯ ಹೆಸರಿಲ್ಲ, ಒಂದು ಮರದ ಹೆಸರಿಲ್ಲ, ತಿಂಡಿಯ ಹೆಸರಂತೂ ಇಲ್ಲವೇ ಇಲ್ಲ. ಅಮಕುಸಾ ದ್ವೀಪಗಳಲ್ಲಿ ಹುಟ್ಟಿದ ಕೊಯಾಮಾ ಅವರಿಗೆ ಬೆಟ್ಟವೂ ಕಡಲೂ ಒಂದೇ ನೋಟದಲ್ಲಿ ಕಂಡಿದ್ದಿರಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕೇಳುವವರಿಗೆ ಸಿಗುವುದು ರೈಲು ನಿಲ್ದಾಣದ ಭಿತ್ತಿಚಿತ್ರದಂತಹ ಊರು. ಎಲ್ಲರಿಗೂ ಸಲ್ಲಲಿ ಎಂದು ವಿಳಾಸವನ್ನು ಅಳಿಸಿಟ್ಟ ಊರು. ಅರಾಶಿಯವರ ಏಜೆನ್ಸಿಯೂ ಹೀಗೆಯೇ ಅಳಿಸುವುದರಲ್ಲಿ ನಿಸ್ಸೀಮವಾಗಿತ್ತು. ತನ್ನ ಕಲಾವಿದರ ಮುಖಗಳು ಇಂಟರ್ನೆಟ್ಟಿನಲ್ಲಿ ಕಾಣಬಾರದೆಂದು ಅದು ಬಹುಕಾಲ ಹಟ ಹಿಡಿದಿದ್ದರಿಂದ, ಪತ್ರಿಕೆಗಳ ಮುಖಪುಟವನ್ನು ಜಾಲತಾಣದಲ್ಲಿ ಹಾಕುವಾಗ ಇವರಿದ್ದ ಜಾಗವನ್ನು ತಲೆ-ಭುಜಗಳ ಆಕಾರದಲ್ಲಿಯೇ ಕತ್ತರಿಸಿ ಬೂದು ಬಣ್ಣ ಬಳಿಯುತ್ತಿದ್ದರು. ಊರಿಲ್ಲದ ಊರಿನ ಹಾಡನ್ನು ಮುಖವಿಲ್ಲದವರು ಹಾಡಿದರು ಎಂದು ನಾನು ಹೆಂಡತಿಯ ಮುಂದೆ ಚಮತ್ಕಾರದ ಮಾತು ಆಡಿದಾಗ, ಅವಳು, ನೀವು ಈ ಹಾಡನ್ನು ಮೂಲದಲ್ಲಿ ಒಂದು ಸಲವಾದರೂ ಕೇಳಿದ್ದೀರಾ ಎಂದಳು. ಕೇಳಿರಲಿಲ್ಲ. ಕೇಳುವುದೂ ಇಲ್ಲ ಎಂದು ಆ ಕ್ಷಣದಲ್ಲಿಯೇ ನಿಶ್ಚಯಿಸಿದೆ.

ಸಿಟ್ಟಿಗೆ ನಿಜವಾದ ಕಾರಣ ಬೇರೆಯಿತ್ತು. ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದವನಿಗೆ, ಆ ಮುಲುಗಾಟವನ್ನು ಕೇಳುತ್ತ ಕೇಳುತ್ತ, ಒಂದು ರಾತ್ರಿ ಇದ್ದಕ್ಕಿದ್ದಂತೆ ಗಂಟಲು ಬಿಗಿದು ಬಂದಿತು. ಊರೇ ಇಲ್ಲದ ಹಾಡು, ಅದೂ ಮಟ್ಟಿಲ್ಲದ ಅರ್ಧ ಹಾಡು, ನನಗೆ ಸೇರದ ಭಾಷೆಯಲ್ಲಿ, ನನ್ನ ಊರನ್ನು ಹೇಗೆ ಎಳೆದು ತಂದಿತು ಎಂಬುದನ್ನು ಕುರಿತೇ ಎರಡು ಮಾತು ಬರೆಯಬೇಕೆಂದು ನಾನು ಕುಳಿತದ್ದು. ಅದಕ್ಕೆ ಬರುವ ಮೊದಲು ಮೊಲದ ವಿಷಯವನ್ನು ಮುಗಿಸಿಬಿಡುತ್ತೇನೆ.

ಜಪಾನಿನಲ್ಲಿ ‘ಫುರುಸಾತೊ’ ಎಂದೊಡನೆ ಐವತ್ತು ದಾಟಿದವರ ಬಾಯಿಗೆ ಬರುವುದು ಅರಾಶಿಯ ಹಾಡಲ್ಲ, 1914ರಲ್ಲಿ ಆರನೆಯ ತರಗತಿಯ ಸರ್ಕಾರಿ ಹಾಡಿನ ಪುಸ್ತಕದಲ್ಲಿ ಅಚ್ಚಾದ ಅದೇ ಹೆಸರಿನ ಇನ್ನೊಂದು ಹಾಡು. ನಾಗಾನೊ ಸೀಮೆಯ ಹಳ್ಳಿಯಲ್ಲಿ ಹುಟ್ಟಿದ ವಿದ್ವಾಂಸ ತಾಕಾನೊ ತಾತ್ಸುಯುಕಿ ಅದನ್ನು ಬರೆದರು. ತೊತ್ತೊರಿಯಿಂದ ಬಂದು ಟೋಕಿಯೋದ ಚರ್ಚೊಂದರಲ್ಲಿ ಆರ್ಗನ್ ನುಡಿಸುತ್ತಿದ್ದ ಒಕಾನೊ ತೆಯಿಚಿ ಅದಕ್ಕೆ ಮಟ್ಟು ಹಾಕಿದರು. ಆ ಕಾಲದ ಸರ್ಕಾರಿ ಪುಸ್ತಕಗಳಲ್ಲಿ ಕವಿಯ ಹೆಸರು ಹಾಕುವ ಪದ್ಧತಿ ಇರಲಿಲ್ಲವಾದ್ದರಿಂದ ಇಬ್ಬರ ಹೆಸರೂ ಬಹುಕಾಲ ಜನರಿಗೆ ತಿಳಿಯಲಿಲ್ಲ. ಹಾಡಿನ ಮೊದಲ ಸಾಲು, ‘ಉಸಾಗಿ ಓಇಶಿ ಕಾನೊ ಯಾಮಾ’. ಮೊಲವನ್ನು ಅಟ್ಟಿದ ಆ ಬೆಟ್ಟ ಎಂದು ಅರ್ಥ. ‘ಓಇಶಿ’ ಎಂಬುದು ಅಟ್ಟಿದ ಎನ್ನುವುದರ ಹಳೆಗಾಲದ ರೂಪ. ಈಗಿನ ಮಕ್ಕಳಿಗೆ ಅದು ಗೊತ್ತಿಲ್ಲ. ಅವರಿಗೆ ಗೊತ್ತಿರುವುದು ಊಟದ ಮೇಜಿನಲ್ಲಿ ದಿನವೂ ಹೇಳುವ ‘ಓಯಿಶೀ’, ಅಂದರೆ ರುಚಿಯಾಗಿದೆ ಎಂಬ ಮಾತು. ಹೀಗಾಗಿ ತಲೆಮಾರುಗಳಿಂದ ಜಪಾನಿನ ಮಕ್ಕಳು ಹುಟ್ಟೂರಿನ ಹಾಡನ್ನು ‘ಮೊಲ ರುಚಿ, ಆ ಬೆಟ್ಟ’ ಎಂದು ತಿಳಿದು ಹಾಡುತ್ತ ಬಂದಿದ್ದಾರೆ.

ಇಂತಹ ತಪ್ಪುಗಳ ದೊಡ್ಡ ಪರಂಪರೆಯೇ ಅಲ್ಲಿದೆ. ದಾದಿಯ ಬೆನ್ನ ಮೇಲೆ ಕುಳಿತು ಕೆಂಪು ಏರೋಪ್ಲೇನ್ ಚಿಟ್ಟೆಯನ್ನು ನೋಡಿದ ಮಗುವಿನ ಹಾಡನ್ನು ಅರ್ಧ ದೇಶ, ಚಿಟ್ಟೆಯೇ ಅಟ್ಟಿಸಿಕೊಂಡು ಬಂದಿತು ಎಂದು ತಿಳಿದಿದೆ. ಏಕೆಂದರೆ ಬೆನ್ನಿಗೇರಿಸಿಕೊಳ್ಳುವುದಕ್ಕೂ ಅಟ್ಟಿಸಿಕೊಳ್ಳುವುದಕ್ಕೂ ಉಚ್ಚಾರಣೆ ಒಂದೇ. 1968ರ ಬೇಸ್‌ಬಾಲ್ ಕಾರ್ಟೂನಿನ ಹಾಡೊಂದು ‘ಒಮೊಯಿಕೊಂದಾರಾ’, ಅಂದರೆ ‘ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡರೆ’, ಎಂದು ಆರಂಭವಾಗುತ್ತದೆ. ‘ಒಮೊಯಿ’ ಎಂದರೆ ಭಾರವಾದ ಎಂದೂ ಆಗುವುದರಿಂದ, ಮೈದಾನವನ್ನು ಸಮ ಮಾಡುವ ಭಾರವಾದ ಉರುಳೆಯ ಹೆಸರು ‘ಕೊಂದಾರಾ’ ಇರಬೇಕೆಂದು ಮಕ್ಕಳು ತೀರ್ಮಾನಿಸಿದರು. ಉರುಳೆಗೆ ಆ ಹೆಸರು ಹಾಗೆಯೇ ಅಂಟಿಕೊಂಡಿತು. ನಾನು ನಗುವ ಹಾಗಿಲ್ಲ. ಕುಪ್ಪಳಿಯಿಂದ ಬಹಳ ದೂರವಿಲ್ಲದ ಶಾಲೆಯಲ್ಲಿ ಓದಿದ್ದರೂ ನಾನು ಕುವೆಂಪು ಅವರ ನಾಡಗೀತೆಯ ‘ತನುಜಾತೆ’ಯನ್ನು ನಾಲ್ಕನೆಯ ತರಗತಿಯವರೆಗೆ ‘ತನ ಜಾತ್ರೆ’ ಎಂದೇ ಹಾಡಿದವನು. ಭಾರತ ಜನನಿಗೆ ವರ್ಷಕ್ಕೊಮ್ಮೆ ಜಾತ್ರೆ ನಡೆಯುತ್ತದೆ, ಅದಕ್ಕೆ ಜಯವಾಗಲಿ ಎನ್ನುತ್ತಿದ್ದಾರೆ ಎಂದು ನನ್ನ ಎಣಿಕೆಯಾಗಿತ್ತು, ಮತ್ತು ಆ ಜಾತ್ರೆಗೆ ನಮ್ಮನ್ನು ಏಕೆ ಕರೆದುಕೊಂಡು ಹೋಗುವುದಿಲ್ಲ ಎಂಬ ಅಸಮಾಧಾನವೂ ಇತ್ತು.

ಮೊಲದ ವಿಷಯದಲ್ಲಿ ನನ್ನ ತಿಳಿವಳಿಕೆಯನ್ನು ತಿದ್ದಿದವರು ನಮ್ಮ ವಸತಿ ಸಮುಚ್ಚಯದ ಮೇಲ್ವಿಚಾರಕರು. ಎಂಬತ್ತರ ಅಂಚಿನಲ್ಲಿರುವ, ಕಸದ ಚೀಲಗಳನ್ನು ಬಿಚ್ಚಿ ನೋಡದೆಯೇ ತಪ್ಪು ವಿಂಗಡಣೆಯನ್ನು ಪತ್ತೆಹಚ್ಚಬಲ್ಲ ಈ ಹಿರಿಯರು ನಾಗಾನೊ ಕಡೆಯವರು. ಒಂದು ಬೆಳಿಗ್ಗೆ, ಪ್ಲಾಸ್ಟಿಕ್ಕಿನ ದಿನ ಗಾಜಿನ ಬಾಟಲಿಯನ್ನು ತಂದ ನನ್ನನ್ನು ತಡೆದು ನಿಲ್ಲಿಸಿದವರಿಗೆ ವಿಷಯಾಂತರ ಮಾಡಲೆಂದು ನಾನು ಮಕ್ಕಳು ಮೊಲವನ್ನು ರುಚಿ ಎಂದು ತಿಳಿಯುವ ತಮಾಷೆಯನ್ನು ಎತ್ತಿದೆ. ಅವರು ನಗಲಿಲ್ಲ. “ಒತೋಸಾನ್,” ಎಂದು, ಮಕ್ಕಳಿರುವ ಗಂಡಸರನ್ನು ಅಲ್ಲಿ ಕರೆಯುವಂತೆ ಅಪ್ಪಾ ಎಂದು ಕರೆದು, “ರುಚಿಯಾಗಿಯೇ ಇತ್ತಲ್ಲ,” ಎಂದರು.

ಅವರ ಬಾಲ್ಯದಲ್ಲಿ ಚಳಿಗಾಲದ ಮೊಲದ ಬೇಟೆ ಶಾಲೆಯ ಕಾರ್ಯಕ್ರಮವಾಗಿತ್ತಂತೆ. ಹಿಮ ಬಿದ್ದ ಮೇಲೆ ಒಂದು ದಿನ ಪಾಠಕ್ಕೆ ರಜೆ ಕೊಟ್ಟು, ದೊಡ್ಡ ತರಗತಿಯ ಮಕ್ಕಳನ್ನು ಗುಡ್ಡದ ಬುಡದಲ್ಲಿ ಸಾಲಾಗಿ ನಿಲ್ಲಿಸಿ, ಕೈಗೆ ಕೋಲು ಕೊಟ್ಟು, ಹೋ ಎಂದು ಕೂಗುತ್ತ ಮೇಲಕ್ಕೆ ಹತ್ತಿಸುತ್ತಿದ್ದರು. ಮೊಲಕ್ಕೆ ಹಿಂಗಾಲು ಉದ್ದ, ಮುಂಗಾಲು ಗಿಡ್ಡ; ಅದು ಇಳಿಜಾರಿನಲ್ಲಿ ಮುಗ್ಗರಿಸುತ್ತದೆ, ಏರಿನಲ್ಲಿ ಗಾಳಿಯಂತೆ ಹೋಗುತ್ತದೆ. ಆದ್ದರಿಂದ ಬಲೆಯನ್ನು ಗುಡ್ಡದ ನೆತ್ತಿಯಲ್ಲಿ ಕಟ್ಟಿರುತ್ತಿದ್ದರು. ಅವರ ತಂದೆಯ ಕಾಲದಲ್ಲಿ ಚರ್ಮವು ಚಳಿಯುಡುಪಿಗೆಂದು ಸೈನ್ಯಕ್ಕೆ ಹೋಗುತ್ತಿತ್ತು, ಇವರ ಕಾಲಕ್ಕೆ ವ್ಯಾಪಾರಿಯ ಕೈಗೆ. ಮಾಂಸ ಮಾತ್ರ ಎರಡೂ ಕಾಲದಲ್ಲಿ ಶಾಲೆಯ ದೊಡ್ಡ ಕಡಾಯಿಗೇ. ಮೂಲಂಗಿ, ಈರುಳ್ಳಿ ದಂಟು ಮತ್ತು ಮಿಸೊ ಎಂಬ ಹುದುಗಿಸಿದ ಸೋಯಾ ಹಿಟ್ಟು ಹಾಕಿ ಕುದಿಸಿದ ಆ ಸಾರನ್ನು ಅವರು ವರ್ಣಿಸುವಾಗ ಕಸದ ಕೋಣೆಯ ಬಾಗಿಲಲ್ಲಿ ನಾವಿಬ್ಬರೂ ಇದ್ದೇವೆಂಬುದು ಅವರಿಗೆ ಮರೆತುಹೋಗಿತ್ತು. ಮೊಲವನ್ನು ಎಣಿಸುವಾಗ ಜಪಾನೀಯರು ಪ್ರಾಣಿಗಳ ಎಣಿಕೆಯ ಪದವನ್ನು ಬಿಟ್ಟು ಹಕ್ಕಿಗಳ ಎಣಿಕೆಯ ಪದವನ್ನು ಬಳಸುತ್ತಾರೆ. ನಾಲ್ಕು ಕಾಲಿನ ಮಾಂಸ ನಿಷಿದ್ಧವಾಗಿದ್ದ ಕಾಲದಲ್ಲಿ ಅದನ್ನು ಹಕ್ಕಿಯೆಂದು ಕರೆದು ತಿಂದುದರ ಗುರುತು ಅದು ಎಂದು ಹೇಳುವವರಿದ್ದಾರೆ. ಈ ವಿವರವನ್ನು ನಾನು ಹೇಳಿದಾಗ ಅವರು, ಅದೆಲ್ಲ ಓದಿದವರ ಮಾತು, ಹಸಿದವರು ಎಣಿಸುವುದಿಲ್ಲ ಎಂದರು. ಬಳಿಕ ಬಹಳ ಗಂಭೀರವಾಗಿ, “ನಿಮ್ಮ ಊರಿನಲ್ಲಿ ಮೊಲ ಇದೆಯೇ?” ಎಂದು ಕೇಳಿದರು. ಕಾಫಿ ತೋಟದ ರಸ್ತೆಯಲ್ಲಿ ರಾತ್ರಿ ಜೀಪಿನ ಬೆಳಕಿಗೆ ಸಿಕ್ಕಿ ದಿಕ್ಕು ತೋಚದೆ ಬೆಳಕಿನೊಳಗೇ ಓಡುತ್ತಿರುವುದನ್ನು ನೋಡಿದ್ದೇನೆ ಎಂದೆ. “ರುಚಿ?” ಎಂದರು. ನಮ್ಮದು ತೊಂಡೆಕಾಯಿ, ಬಸಳೆಸೊಪ್ಪಿನ ಮನೆತನ ಎಂಬುದನ್ನು ಜಪಾನಿ ಭಾಷೆಯಲ್ಲಿ ಹೇಳುವ ಶಕ್ತಿ ನನಗೆ ಆ ಬೆಳಗಿನ ಹೊತ್ತಿನಲ್ಲಿ ಇರಲಿಲ್ಲ, ಗೊತ್ತಿಲ್ಲ ಎಂದೆ. ಊರಿನ ಬಗ್ಗೆ ಮುಖ್ಯವಾದುದೇ ಗೊತ್ತಿಲ್ಲದವನನ್ನು ನೋಡುವಂತೆ ನನ್ನನ್ನು ನೋಡಿ, ಬಾಟಲಿಯನ್ನು ಹಿಂದಕ್ಕೆ ಕೊಟ್ಟರು.

ಹಳೆಯ ‘ಫುರುಸಾತೊ’ವಿಗೂ ನನ್ನದೊಂದು ತಕರಾರಿದೆ. ಅದರ ಕೊನೆಯ ಚರಣದಲ್ಲಿ, ಅಂದುಕೊಂಡದ್ದನ್ನು ಸಾಧಿಸಿ ಒಂದು ದಿನ ಮರಳುವೆನು ಎಂಬ ಮಾತು ಬರುತ್ತದೆ. ಹನ್ನೆರಡು ವರ್ಷದ ಮಕ್ಕಳ ಬಾಯಿಯಲ್ಲಿ ಇಂತಹ ಕರಾರುಪತ್ರವನ್ನು ಬರೆಯಿಸಿಕೊಳ್ಳುವುದು ಯಾವ ನ್ಯಾಯ? ನಮ್ಮ ಮಲೆನಾಡಿನಲ್ಲಿ ದೀಪಾವಳಿಗೆ ಬರುವವನನ್ನು ಏನು ಸಾಧಿಸಿ ಬಂದೆ ಎಂದು ಯಾರೂ ಬಾಗಿಲಲ್ಲಿ ತಡೆಯುವುದಿಲ್ಲ. ಒಳಗೆ ಕರೆದು, ಕಾಫಿ ಕೊಟ್ಟು, ಆಮೇಲೆ ಕೇಳುತ್ತಾರೆ. ಅರಾಶಿಯ ಹಾಡಿನಲ್ಲಿ ಈ ಷರತ್ತು ಇಲ್ಲ ಎಂಬುದನ್ನು ನಾನು ಒಪ್ಪಲೇಬೇಕು. ಅಲ್ಲಿ ಯಾರೋ ಕಾಯುತ್ತಿದ್ದಾರೆ, ಅಷ್ಟೇ. ಆದರೆ ಹಳೆಯ ಹಾಡಿನಲ್ಲಿ ಮೊಲವಿತ್ತು, ಪುಟ್ಟ ಮೀನನ್ನು ಹಿಡಿದ ಹೊಳೆಯಿತ್ತು, ಮುಟ್ಟಿದರೆ ಒದ್ದೆಯಾಗುವಂತಹ ಊರಿತ್ತು. ಇದೇ ತಾಕಾನೊ ಅವರ ಇನ್ನೊಂದು ಹಾಡಿಗೆ ಸ್ಫೂರ್ತಿಯಾದುದೆಂದು ಹೇಳುವ ವಸಂತದ ತೊರೆ ಟೋಕಿಯೋದ ಶಿಬುಯಾದ ಕಡೆ ಹರಿಯುತ್ತಿತ್ತು. ಈಗ ಅದು ನೆಲದಡಿಯ ಕಾಂಕ್ರೀಟು ಕಾಲುವೆಯಲ್ಲಿದೆ. ಅಲ್ಲಿಂದ ಹೆಚ್ಚು ದೂರವಿಲ್ಲದ ಸಭಾಂಗಣದಲ್ಲಿಯೇ 2010ರಲ್ಲಿ ಹೊಸ ‘ಫುರುಸಾತೊ’ವನ್ನು ಹಾಡಿದ್ದು.

ಹುಟ್ಟೂರು ಎಂಬ ಪದವನ್ನು ಆ ದೇಶದಲ್ಲಿ ಎಷ್ಟು ಕೆಲಸಗಳಿಗೆ ದುಡಿಸಿಕೊಳ್ಳುತ್ತಾರೆಂಬುದನ್ನು ನೋಡಿದರೆ ಅದರ ಮೇಲೆ ಕನಿಕರ ಹುಟ್ಟುತ್ತದೆ. 2008ರಿಂದ ‘ಹುಟ್ಟೂರಿನ ತೆರಿಗೆ’ ಎಂಬ ವ್ಯವಸ್ಥೆಯಿದೆ. ಬೇಕಾದ ಊರಿಗೆ ದಾನ ಕೊಟ್ಟರೆ 2,000 ಯೆನ್ ಕಳೆದು ಉಳಿದುದನ್ನು ಒಂದು ಮಿತಿಯವರೆಗೆ ನಮ್ಮ ತೆರಿಗೆಯಲ್ಲಿ ಮುರಿದುಕೊಳ್ಳುತ್ತಾರೆ. ಆ ಊರಿನಲ್ಲಿ ಹುಟ್ಟಿರಬೇಕಾಗಿಲ್ಲ, ಆ ಊರನ್ನು ನೋಡಿರಬೇಕಾಗಿಯೂ ಇಲ್ಲ. ಪ್ರತಿಯಾಗಿ ಏಡಿಯೋ ಗೋಮಾಂಸವೋ ಅಕ್ಕಿಯೋ ಮನೆಗೆ ಬರುತ್ತದೆ. ಊರುಗಳು ಉಡುಗೊರೆಯಲ್ಲಿ ಪೈಪೋಟಿಗಿಳಿದು ಅತಿಯಾದಾಗ, 2019ರಲ್ಲಿ ಉಡುಗೊರೆಯ ಬೆಲೆ ದಾನದ ಶೇಕಡಾ 30ನ್ನು ಮೀರಬಾರದು, ಅದು ಸ್ಥಳೀಯ ವಸ್ತುವಾಗಿರಬೇಕು ಎಂದು ಕಟ್ಟುನಿಟ್ಟು ಮಾಡಬೇಕಾಯಿತು. ನಮ್ಮ ಮನೆಗೆ ನಾಗಾನೊದ ಸೇಬಿನ ಪೆಟ್ಟಿಗೆ ಬಂದಾಗ ಅದರ ಮೇಲೆ ದೊಡ್ಡದಾಗಿ ‘ಹುಟ್ಟೂರು’ ಎಂದು ಅಚ್ಚಾಗಿತ್ತು. ಇನ್ನು ಸಂಜೆ ಐದಕ್ಕೆ ಕಂಬದ ಮೇಲಿನ ಧ್ವನಿವರ್ಧಕಗಳಿಂದ ಹಳೆಯ ಮಕ್ಕಳ ಹಾಡಿನ ಮಟ್ಟು ಹೊರಟು ಬಡಾವಣೆಯನ್ನೆಲ್ಲ ತುಂಬುತ್ತದೆ. ಕೆಲವು ಊರುಗಳಲ್ಲಿ ಅದು ಹಳೆಯ ‘ಫುರುಸಾತೊ’ವೇ. ಆಟ ಬಿಟ್ಟು ಮನೆಗೆ ಹೋಗಿ ಎಂದು ಮಕ್ಕಳಿಗೆ ಹೇಳುವುದಕ್ಕೆಂದು ನಾನು ಬಹುಕಾಲ ನಂಬಿ ಕರಗುತ್ತಿದ್ದೆ. ಅದು ಭೂಕಂಪ, ಪ್ರವಾಹಗಳಲ್ಲಿ ಎಚ್ಚರಿಸುವ ಯಂತ್ರ ಕೆಟ್ಟಿಲ್ಲವೆಂದು ದಿನವೂ ಪರೀಕ್ಷಿಸುವ ಕ್ರಮ ಎಂದು ಆಮೇಲೆ ತಿಳಿಯಿತು.

ತಿಳಿದ ಮೇಲೆ ನಗು ಬಂದದ್ದು ನಿಜ. ಆದರೆ ಆ ನಗು ಹೆಚ್ಚು ದಿನ ನಿಲ್ಲಲಿಲ್ಲ. ಅರಾಶಿ ಈ ಹಾಡನ್ನು ಮೊದಲು ಹಾಡಿ ಮೂರು ತಿಂಗಳು ತುಂಬುವುದರೊಳಗೆ, 2011ರ ಮಾರ್ಚ್ 11ರಂದು, ಈಶಾನ್ಯದ ಕರಾವಳಿಯ ಊರೂರುಗಳನ್ನೇ ಕಡಲು ಎಳೆದುಕೊಂಡು ಹೋಯಿತು. ಫುಕುಶಿಮಾದ ಅಣು ಸ್ಥಾವರದ ಸುತ್ತಲಿನ ಹಳ್ಳಿಗಳಲ್ಲಿ ಮನೆಗಳು ನಿಂತಿದ್ದವು, ಹೋಗುವ ಹಾಗಿರಲಿಲ್ಲ. ಆ ಬಳಿಕ ಆ ಹಾಡಿನ ‘ಕಡಲಿನ ಬಣ್ಣ’ವನ್ನು ಭಿತ್ತಿಚಿತ್ರದ ಬಣ್ಣ ಎಂದು ಮೂದಲಿಸುವುದು ನನ್ನಂತಹ ಹೊರಗಿನವನಿಗೆ ಒಪ್ಪುವುದಿಲ್ಲ. ಹೆಸರು ಹಾಕದೆ ಬಿಟ್ಟ ಜಾಗದಲ್ಲಿ ಯಾರು ಯಾರು ತಮ್ಮ ಊರಿನ ಹೆಸರನ್ನು ಬರೆದುಕೊಂಡರೋ. ಇದಕ್ಕಿಂತ ಹೆಚ್ಚಾಗಿ ಈ ವಿಷಯದಲ್ಲಿ ಮಾತನಾಡಲು ನನಗೆ ಸಂಕೋಚ.

ಸಂಗೀತೋತ್ಸವದ ದಿನ ಶಾಲೆಯ ವ್ಯಾಯಾಮಶಾಲೆಗೆ ಮನೆಯಿಂದ ತಂದ ಚಪ್ಪಲಿ ಮೆಟ್ಟಿಕೊಂಡು ಹೋದೆವು. ಒಂದು ತರಗತಿಯ ಹಾಡು ಮುಗಿದ ಕೂಡಲೆ ಆ ತರಗತಿಯ ತಂದೆತಾಯಿಗಳು ಎದ್ದು ಮುಂದಿನವರಿಗೆ ಕುರ್ಚಿ ಬಿಡಬೇಕೆಂಬ ನಿಯಮವಿದ್ದುದರಿಂದ, ನಮಗೆ ಹುಟ್ಟೂರನ್ನು ನೆನೆಯಲು ದೊರೆತದ್ದು ಒಟ್ಟು ಏಳು ನಿಮಿಷ. ಮಕ್ಕಳು ಹಾಡಿದರು. ಮೇಲುದನಿ ಅಂದು ಮೊದಲ ಸಲ ನನ್ನ ಕಿವಿಗೆ ಬಿದ್ದಿತು. ಸುತ್ತಲಿನ ತಾಯಂದಿರು ಕರವಸ್ತ್ರ ತೆಗೆದರು. ನನಗೋ, ಮೂರು ವಾರ ಕೆಳದನಿಯೊಂದನ್ನೇ ಕೇಳಿ ಪಳಗಿದ ಕಿವಿಗೆ, ಈ ಸುಂದರವಾದ ಮಟ್ಟು ಯಾರೋ ನಡುವೆ ಬಂದು ಮಾತನಾಡಿದಂತೆ ಅಡ್ಡಿಯಾಯಿತು. ಅದನ್ನು ಸರಿಸಿ, ಅದರ ಕೆಳಗೆ ನಮ್ಮ ಮುಲುಗಾಟ ಎಲ್ಲಿದೆಯೆಂದು ಹುಡುಕುವುದರಲ್ಲಿಯೇ ಏಳು ನಿಮಿಷ ಕಳೆದುಹೋಯಿತು. ಗಂಟಲು ಬಿಗಿಯಲಿಲ್ಲ. ಹೆಂಡತಿಯ ಕಣ್ಣು ಮಾತ್ರ ಒದ್ದೆಯಾಗಿತ್ತು, ಅವಳು ಮೂಲವನ್ನು ಮೊದಲೇ ಕೇಳಿದ್ದವಳು.

ಅರಾಶಿಯವರು 2020ರ ಕೊನೆಗೆ ಹಾಡುವುದನ್ನು ನಿಲ್ಲಿಸಿ, 2026ರ ವಸಂತದ ಪ್ರವಾಸದೊಂದಿಗೆ ತಂಡವನ್ನೇ ಮುಗಿಸುವುದಾಗಿ 2025ರ ಮೇ ತಿಂಗಳಿನಲ್ಲಿ ಪ್ರಕಟಿಸಿದವರು. ಮಗಳಿಗೆ ಅವರು ಅಮ್ಮನ ಕಾಲದ ಗಾಯಕರು. ಉತ್ಸವ ಮುಗಿದ ಮರುದಿನದಿಂದ ಅವಳು ಹಾಡನ್ನು ಮರೆತಳು, ಮನೆಯಲ್ಲಿ ನಿಶ್ಶಬ್ದ ನೆಲಸಿತು, ಮೇಲ್ವಿಚಾರಕರು ಬಾಟಲಿಯ ವಿಷಯವನ್ನು ಕ್ಷಮಿಸಿದರು. ಆ ರಾತ್ರಿ ಪಾತ್ರೆ ತೊಳೆಯುವಾಗ ನನಗೆ ಆದದ್ದೇನು ಎಂಬುದನ್ನು ಈಗಲಾದರೂ ಕುಳಿತು ಯೋಚಿಸೋಣವೆಂದುಕೊಂಡಿದ್ದಾಗ ಊರಿನಿಂದ ಅಕ್ಕನ ಫೋನು ಬಂದಿತು. ಅಡಿಕೆ ಕೊಯ್ಲು ಶುರುವಾಗಿದೆ, ಆಳುಗಳು ಸಿಗುತ್ತಿಲ್ಲ ಎಂದೆಲ್ಲ ಹೇಳಿದ ಮೇಲೆ, ದನಿ ತಗ್ಗಿಸಿ, “ಅಮ್ಮನಿಗೆ ಎಂತ ಆಗಿದೆ ಗೊತ್ತಾಗ್ತಾ ಇಲ್ಲ ಮಾರಾಯ,” ಎಂದಳು. “ಅಡಿಕೆ ಸುಲೀತಾ ಸುಲೀತಾ ಒಂದೇ ಸಮ ಮುಲುಗ್ತಾ ಇರ್ತಾಳೆ. ಕೇಳಿದ್ರೆ ಎಂತ ಇಲ್ಲ ಅಂತಾಳೆ. ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ ಒಂದ್ಸಲ ಡಾಕ್ಟ್ರಿಗೆ ತೋರಿಸ್ಲಾ?”